ಪ್ರಭಾರ ಬಂದೂಕು

ಕ್ಲಬ್ಬು ದಿವಾಳಿಯಾದದ್ದು ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದೂವರೆಗೆ. ಮೈದಾನದ ಗೇಟಿಗೆ ಅಂಟಿಸಿದ್ದ ಪ್ರಕಟಣೆಯಲ್ಲಿ ಹಾಗೆಂದೇ ಬರೆದಿತ್ತು: “ಈ ಮೂಲಕ ಸಮಸ್ತ ಅಭಿಮಾನಿಗಳಿಗೆ ತಿಳಿಯಪಡಿಸುವುದೇನೆಂದರೆ, ಸದರಿ ಫುಟ್‌ಬಾಲ್ ಕ್ಲಬ್ಬು ಈ ದಿನ ಮಂಗಳವಾರ ಬೆಳಿಗ್ಗೆ ಹನ್ನೊಂದೂವರೆಯಿಂದ ದಿವಾಳಿಯಾಗಿರುತ್ತದೆ. ಅಭಿಮಾನವನ್ನು ಮುಂದುವರಿಸಲು ಇಚ್ಛಿಸುವವರು ಸ್ವಂತ ಜವಾಬ್ದಾರಿಯ ಮೇಲೆ ಮುಂದುವರಿಸಬಹುದು.”

ಅದನ್ನು ಮೊದಲು ಓದಿದವನು ತಕ್ಕಡಿ ರಿಪೇರಿಯವನು. ಅಂಗಡಿಗಳ ತಕ್ಕಡಿ ಬಿಚ್ಚಿ, ಒರೆಸಿ, ಮುಳ್ಳು ನೆಟ್ಟಗೆ ನಿಲ್ಲುವಂತೆ ಮಾಡುವುದು ಅವನ ಕಸುಬು. ಮೂವತ್ತೊಂದು ವರ್ಷದಿಂದ ಪ್ರತಿ ಶನಿವಾರ, ಊರಲ್ಲಾದರೆ ಒಂದೇ ಬೆಂಚಿನ ಒಂದೇ ತುದಿಯಲ್ಲಿ, ಪರಊರಲ್ಲಾದರೆ ಸಿಕ್ಕ ಜಾಗದಲ್ಲಿ ಕೂತು ಕ್ಲಬ್ಬು ಸೋಲುವುದನ್ನು ನೋಡಿ ಬರುವುದು ಅವನ ಬದುಕು. ಅವನಿಗೆ ಮೂರು ವಿಷಯಗಳಲ್ಲಿ ಖಚಿತವಾದ ಅಭಿಪ್ರಾಯಗಳಿದ್ದವು, ಕೇಳದವರಿಗೂ ಹೇಳುತ್ತಿದ್ದ. ಮೊದಲನೆಯದು, ದಿವಾಳಿಯಾಗುವುದು ಅಂಗಡಿಗಳು, ಕ್ಲಬ್ಬುಗಳಲ್ಲ. ಕ್ಲಬ್ಬು ಸೋಲಬಹುದು, ಅಷ್ಟೇ. ಎರಡನೆಯದು, ಯಾರ ಮನೆಯಲ್ಲೂ ಬಂದೂಕು ಇರಕೂಡದು. ಮೂರನೆಯದು, ದಿನನಿತ್ಯದ ಬದುಕು ಎಂಬುದು ಎರಡು ಶನಿವಾರಗಳು ಒಂದಕ್ಕೊಂದು ತಾಗದಿರಲೆಂದು ನಡುವೆ ಇಟ್ಟಿರುವ ಆರು ದಿನ. ಜ್ವರ, ಮದುವೆ, ನೆಂಟರು, ಏನೇ ಇದ್ದರೂ ಆ ಆರು ದಿನಗಳಲ್ಲೇ ಮುಗಿಸಿಕೊಳ್ಳಬೇಕು.

ಮೂರನೆಯ ಅಭಿಪ್ರಾಯದಿಂದ ತೊಂದರೆ ಆಗುತ್ತಿದ್ದದ್ದು ಅವನ ಹೆಂಡತಿಗೆ. ಅವಳು ಕೆಲಸಕ್ಕೆ ಹೋಗುತ್ತಿದ್ದ ಲಾಂಡ್ರಿಗೆ ಶನಿವಾರವೇ ರಜ. ಅವಳ ಅಕ್ಕ ಬಸ್ಸಿನಲ್ಲಿ ಮೂರು ಗಂಟೆಯಷ್ಟು ದೂರದಲ್ಲಿದ್ದಳು. ಮಂಡಿಯ ಆಪರೇಷನ್ ಆದಾಗಿನಿಂದ, ಅಂದರೆ ಒಂಬತ್ತು ವರ್ಷದಿಂದ, ಒಮ್ಮೆ ಇಬ್ಬರೂ ಜೊತೆಯಾಗಿ ಬನ್ನಿ ಎಂದು ಕರೆಯುತ್ತಿದ್ದಳು. ತಕ್ಕಡಿಯವನು ಪ್ರತಿ ಸಲವೂ ಮ್ಯಾಚಿನ ಪಟ್ಟಿ ತೆಗೆದು ತೋರಿಸುತ್ತಿದ್ದ. ಹೆಂಡತಿ ಮೂಗು ಮುರಿದು ಒಬ್ಬಳೇ ಬಸ್ಸು ಹತ್ತುತ್ತಿದ್ದಳು.

ದಿವಾಳಿಗೆ ಕಾರಣ ಗುಟ್ಟೇನಲ್ಲ. ಹಿಂದಿನ ಅಧ್ಯಕ್ಷರು ಗೆಲುವಿನ ಮೆರವಣಿಗೆಗೆ ಬೇಕಾಗುತ್ತದೆ ಎಂದು ಮೇಲ್ಛಾವಣಿ ಇಲ್ಲದ ಬಸ್ಸೊಂದನ್ನು ಕೊಂಡಿದ್ದರು. ಗೆಲುವು ಬರಲಿಲ್ಲ. ಬಸ್ಸು ಮೈದಾನದ ಹಿಂದೆ ಒಂಬತ್ತು ವರ್ಷ ಸಿದ್ಧವಾಗಿ ನಿಂತಿತ್ತು. ವಾರಕ್ಕೊಮ್ಮೆ ಅದನ್ನು ಚಾಲೂ ಮಾಡಿ ನಿಲ್ಲಿಸಲು ಒಬ್ಬ ಚಾಲಕನೂ ಇದ್ದ. ಈಗ ಮೈದಾನವನ್ನು ಬ್ಯಾಂಕಿಗೆ ಒಪ್ಪಿಸುವುದು, ಬ್ಯಾಂಕು ಅದನ್ನು ಗೋದಾಮಿನವರಿಗೆ ಮಾರುವುದು ಎಂದು ತೀರ್ಮಾನವಾಗಿತ್ತು. ತಕ್ಕಡಿಯವನು ಬೆಂಚಿನ ತನ್ನ ತುದಿಯಲ್ಲಿ ಕೂತು, ಅಲ್ಲಿ ನಾಳೆ ಸಿಮೆಂಟಿನ ಮೂಟೆ ಕೂರುತ್ತದೆ ಎಂದು ನೆನೆದು ಅತ್ತುಬಿಟ್ಟ. ಮಾವ ತೀರಿಕೊಂಡಾಗಲೂ ಅವನು ಹಾಗೆ ಅತ್ತಿರಲಿಲ್ಲ, ಆದರೆ ಅದು ಬುಧವಾರವಾಗಿತ್ತು.

ಲೆಕ್ಕ ಮುಗಿಸಲು ಸರ್ಕಾರ ಒಬ್ಬ ದಿವಾಳಿ ಅಧಿಕಾರಿಯನ್ನು ಕಳಿಸಿತು. ಸಣಕಲು ಮನುಷ್ಯ. ಎರಡು ಪೆನ್ನು ಇಟ್ಟುಕೊಂಡಿದ್ದರು, ಒಂದು ಬರೆಯಲು, ಇನ್ನೊಂದು ಬರೆದದ್ದಕ್ಕೆ ಸಹಿ ಹಾಕಲು. ಅವರು ಕ್ಲಬ್ಬಿನ ಮುದಿ ಗುಮಾಸ್ತನಿಂದ ದಾಸ್ತಾನು ಪುಸ್ತಕ ತರಿಸಿಕೊಂಡು ಬಲೆ, ಕುರ್ಚಿ, ಚೆಂಡುಗಳನ್ನು ಎಣಿಸಿದರು. ಮೂಲೆಯಲ್ಲಿ ಒಂಟಿ ನಳಿಗೆಯ ಹಳೆಯ ಬಂದೂಕೊಂದು ನಿಂತಿತ್ತು. ಕ್ಲಬ್ಬಿನವರು ಗೋಲು ಹೊಡೆದಾಗಲೆಲ್ಲ ಬರೀ ಮದ್ದು ತುಂಬಿ ಅದನ್ನು ಆಕಾಶಕ್ಕೆ ಹಾರಿಸಬೇಕೆಂಬುದು ಕ್ಲಬ್ಬಿನ ನಿಯಮಾವಳಿಯಲ್ಲೇ ಇತ್ತು. ಅದಕ್ಕೆ ಎಣ್ಣೆ ಹಾಕುವ, ಗೋಲಾದರೆ ಹಾರಿಸುವ ಸೇವೆಯನ್ನು ತಕ್ಕಡಿಯವನು ಬಿಟ್ಟಿಯಾಗಿ ಮಾಡುತ್ತಿದ್ದ. ಎಣ್ಣೆ ಹಾಕುವ ಕೆಲಸವೇ ಹೆಚ್ಚು ಇರುತ್ತಿತ್ತು.

ಬಂದೂಕು ದಾಸ್ತಾನಿನಲ್ಲಿ ಇರಲಿಲ್ಲ. ಹಾಗಾದರೆ ಎಲ್ಲಿದೆ ಎಂದು ಅಧಿಕಾರಿ ಕೇಳಿದ್ದಕ್ಕೆ ಗುಮಾಸ್ತ ಹಾಜರಿ ಪುಸ್ತಕ ತಂದ. ನಲವತ್ತೊಂದು ವರ್ಷದ ಹಿಂದೆ ಬಂದೂಕು ಬಂದಾಗ ದಾಸ್ತಾನು ಪುಸ್ತಕದಲ್ಲಿ ಆಯುಧಕ್ಕೆ ಕಾಲಂ ಇರಲಿಲ್ಲವಂತೆ. ಹೊಸ ಕಾಲಂ ಎಳೆಯಲು ಸಮಿತಿಯ ಒಪ್ಪಿಗೆ ಬೇಕು, ಸಮಿತಿ ಸೇರಲು ಇನ್ನೂ ಏಳು ತಿಂಗಳಿತ್ತು. ಆಗಿನ ಗುಮಾಸ್ತ ಖಾಲಿ ಇದ್ದ ಜಾಗ ನೋಡಿ ನೌಕರರ ಪಟ್ಟಿಯಲ್ಲಿ ಬರೆದುಕೊಂಡಿದ್ದ. ಕ್ರಮಸಂಖ್ಯೆ ಏಳು, ಹೆಸರು ಬಂದೂಕು, ಹುದ್ದೆ ಗೋಲು ಸೂಚಕ. ಅಂದಿನಿಂದ ಪ್ರತಿದಿನ ಹಾಜರಿ ಹಾಕಲಾಗಿತ್ತು. ಸಂಬಳ ಮಾತ್ರ ಯಾರೂ ಬಂದು ಸಹಿ ಹಾಕಿ ಪಡೆದಿರಲಿಲ್ಲವಾಗಿ ಹಾಗೇ ಉಳಿದಿತ್ತು.

ಅಧಿಕಾರಿ ಕನ್ನಡಕ ಒರೆಸಿಕೊಂಡು ನಿಯಮ ಓದಿದರು. ದಿವಾಳಿಯಾದ ಸಂಸ್ಥೆಯಲ್ಲಿ ಮೊದಲ ಹಕ್ಕು ನೌಕರರದು, ಆಮೇಲೆ ಬ್ಯಾಂಕಿನದು. ಉಳಿದ ನೌಕರರೆಲ್ಲ ಬಾಕಿ ಚುಕ್ತಾ ಮಾಡಿಸಿಕೊಂಡು ಹೋಗಿಯಾಗಿತ್ತು; ಗುಮಾಸ್ತನೂ ಚಾಲಕನೂ ಅಭ್ಯಾಸಬಲದಿಂದ ಬರುತ್ತಿದ್ದರು. ಬಂದೂಕಿನ ಸಂಬಳ, ಬಡ್ತಿ, ಒಂದು ದಿನವೂ ತೆಗೆದುಕೊಳ್ಳದ ರಜೆಯ ಹಣ, ಎಲ್ಲ ಸೇರಿದರೆ ಮೈದಾನ, ಬಸ್ಸು, ಬೆಂಚುಗಳ ಒಟ್ಟು ಬೆಲೆಗಿಂತ ತುಸು ಹೆಚ್ಚೇ ಆಗುತ್ತಿತ್ತು.

ತಕ್ಕಡಿಯವನ ಎದೆಯಲ್ಲಿ ಆಸೆ ಚಿಗುರಿದ್ದು ಆಗ. ಬಂದೂಕು ನೌಕರನೆಂದು ಸಾಬೀತಾದರೆ ಮೈದಾನ ಉಳಿಯುತ್ತದೆ. ಇಲ್ಲವಾದರೆ ಗೋದಾಮು.

ವಿಚಾರಣೆಯ ದಿನ ಗುಮಾಸ್ತ ಬಂದೂಕನ್ನು ಒರೆಸಿ ತಂದು ಕುರ್ಚಿಯ ಮೇಲೆ ಒರಗಿಸಿದ. ಅಧಿಕಾರಿ ಬರೆದುಕೊಂಡರು: “ನೌಕರರು ಖುದ್ದು ಹಾಜರು. ಹೇಳಿಕೆ ನೀಡಲು ನಿರಾಕರಿಸಿದರು.” ಬ್ಯಾಂಕಿನ ಮ್ಯಾನೇಜರು ಎದ್ದು ನಿಂತು, ಇದು ವಸ್ತು, ಮನುಷ್ಯನಲ್ಲ ಎಂದು ಆಕ್ಷೇಪಿಸಿದರು.

“ನಲವತ್ತೊಂದು ವರ್ಷ ಒಂದು ದಿನ ತಪ್ಪಿಸಿಲ್ಲ, ತಡವಾಗಿ ಬಂದಿಲ್ಲ, ಮೇಲಿನವರಿಗೆ ಎದುರು ಮಾತಾಡಿಲ್ಲ,” ಅಂದರು ಅಧಿಕಾರಿ. “ನಿಮ್ಮ ಬ್ಯಾಂಕಲ್ಲಿ ಇಂಥ ಮನುಷ್ಯರು ಎಷ್ಟು ಜನ ಇದಾರೆ ಹೇಳಿ.”

ಮ್ಯಾನೇಜರು ಉತ್ತರಿಸಲು ಕಾಲಾವಕಾಶ ಕೇಳಿದರು. ಅಧಿಕಾರಿ ಮೂರು ವಾರ ಕೊಟ್ಟರು.

ಆ ಮೂರು ವಾರ ಕ್ಲಬ್ಬಿನ ಕಚೇರಿಗೆ ಮೊಹರು ಬಿದ್ದಿತ್ತು. ನೌಕರನೊಬ್ಬ ಬೀದಿಪಾಲಾಗುವುದು ನಿಯಮಕ್ಕೆ ವಿರುದ್ಧ. ತಕ್ಕಡಿಯವನು ಮುಂದೆ ಬಂದು ತನ್ನ ಮನೆಯಲ್ಲಿ ಇರಿಸಿಕೊಳ್ಳುವೆನೆಂದ. ಅವನ ಎರಡನೆಯ ಅಭಿಪ್ರಾಯವನ್ನು ಗುಮಾಸ್ತ ನೆನಪಿಸಿದಾಗ, ಅದು ಬೇರೆಯವರ ಬಂದೂಕಿನ ವಿಷಯ ಎಂದು ಹೇಳಿಬಿಟ್ಟ.

ಪರವಾನಗಿ ಇಲಾಖೆಯಿಂದ ಇನ್‌ಸ್ಪೆಕ್ಟರು ಬಂದು ಹಿಂದಿನ ಕೋಣೆಯ ಅಳತೆ ತೆಗೆದರು. ಕಿಟಕಿಗೆ ಸರಳು ಹಾಕಿಸಬೇಕು, ಬಾಗಿಲಿಗೆ ಎರಡು ಬೀಗ, ಕೀಲಿಕೈ ಮನೆಯ ಇನ್ನೊಬ್ಬ ಜವಾಬ್ದಾರಿಯುತ ವ್ಯಕ್ತಿಯ ಬಳಿ. ಹಾಗೆ ಹೆಂಡತಿಯ ಇಸ್ತ್ರಿ ಮೇಜು ಹಜಾರಕ್ಕೆ ಬಂತು, ಕೀಲಿಕೈ ಅವಳ ಸೊಂಟಕ್ಕೆ ಹೋಯಿತು.

“ನನ್ನ ಅಕ್ಕ ಬಂದ್ರೆ ಮಲಗೋಕೆ ಜಾಗ ಇಲ್ಲ ಅಂತಿದ್ರಿ,” ಅಂದಳು ಅವಳು. “ಇದಕ್ಕೆ ಒಂದು ಕೋಣೆ.”

“ಅದು ನಮ್ಮ ಕ್ಲಬ್ಬಿನ ನೌಕರ ಕಣೇ.”

“ನಾನೂ ಮೂವತ್ತು ವರ್ಷದಿಂದ ಒಂದು ದಿನ ತಪ್ಪಿಸಿಲ್ಲ. ನನ್ನ ಹೆಸರು ಯಾವ ಪುಸ್ತಕದಲ್ಲಿದೆ?”

ತಕ್ಕಡಿಯವನು ಬಂದೂಕಿಗೆ ಎಣ್ಣೆ ಹಾಕಬೇಕೆಂದು ಕೀಲಿಕೈ ಕೇಳಿದ.

ಮೂರು ವಾರ ಕಳೆದರೂ ಬ್ಯಾಂಕಿಗೆ ಅಂಥ ಒಬ್ಬ ನೌಕರನನ್ನು ಹುಡುಕಲಾಗಲಿಲ್ಲ. ತೀರ್ಪು ಹೊರಬಿತ್ತು. ಬಾಕಿಗೆ ಬದಲಾಗಿ ಕ್ಲಬ್ಬು, ಮೈದಾನ, ಬಸ್ಸು ಸಮೇತ ಎಲ್ಲವೂ ಬಂದೂಕಿನ ಹೆಸರಿಗೆ ವರ್ಗವಾದವು. ತಕ್ಕಡಿಯವನು ಬೆಂಚಿನ ತನ್ನ ತುದಿಯನ್ನು ಒದ್ದೆ ಬಟ್ಟೆಯಿಂದ ಒರೆಸಿದ. ಆಟಗಾರರು ವಾಪಸ್ಸು ಬಂದರು. ಅವರನ್ನು ಬೇರೆ ಯಾವ ಕ್ಲಬ್ಬೂ ಕರೆದಿರಲಿಲ್ಲ. ಬಂದೂಕನ್ನು ಅಧ್ಯಕ್ಷರ ಕುರ್ಚಿಯಲ್ಲಿ ಇಟ್ಟರು. ಮೊದಲ ಸಭೆಯಲ್ಲಿ ಹದಿನಾಲ್ಕು ನಿರ್ಣಯಗಳನ್ನು ಮಂಡಿಸಲಾಗಿ, ಅಧ್ಯಕ್ಷರು ಯಾವುದನ್ನೂ ವಿರೋಧಿಸದ ಕಾರಣ ಎಲ್ಲವೂ ಪಾಸಾದವು. ಇಷ್ಟು ಚೊಕ್ಕವಾದ ಆಡಳಿತ ತಾನು ಕಂಡದ್ದೇ ಇಲ್ಲ ಎಂದ ಗುಮಾಸ್ತ.

ತೊಡಕು ಬಂದದ್ದು ಮೊದಲ ಮ್ಯಾಚಿಗೆ ನಾಲ್ಕು ದಿನ ಇರುವಾಗ. ಮಾಲೀಕರು ತಮ್ಮದೇ ಸಂಸ್ಥೆಯಲ್ಲಿ ನೌಕರಿ ಮಾಡುವಂತಿಲ್ಲ ಎಂದು ದಿವಾಳಿ ಅಧಿಕಾರಿ ಪತ್ರ ಬರೆದರು. ಅಂದರೆ ಬಂದೂಕು ಇನ್ನು ಮುಂದೆ ಗೋಲಿಗೆ ಹಾರುವಂತಿಲ್ಲ. ಗೋಲು ಸೂಚಕನ ಹುದ್ದೆ ಖಾಲಿ. ಸ್ವಂತ ಮೈದಾನದಲ್ಲಿ ಸೂಚನೆ ಇಲ್ಲದ ಗೋಲನ್ನು ನಿಯಮಾವಳಿಯ ಪ್ರಕಾರ ಗೋಲೆಂದು ಎಣಿಸುವಂತಿಲ್ಲ, ಗೋಲು ಎಣಿಸಲಾಗದ ಕ್ಲಬ್ಬಿನ ನೋಂದಣಿ ರದ್ದು. ಹೊಸ ಬಂದೂಕು ಕೊಳ್ಳೋಣವೆಂದರೆ ಖರೀದಿ ಪತ್ರಕ್ಕೆ ಮಾಲೀಕರ ಸಹಿ ಬೇಕು, ಮಾಲೀಕರು ಸಹಿ ಹಾಕುತ್ತಿರಲಿಲ್ಲ. ಉಳಿದ ದಾರಿ ಒಂದೇ. ಹುದ್ದೆಯನ್ನು ತಾತ್ಕಾಲಿಕವಾಗಿ ಯಾರಿಗಾದರೂ ಪ್ರಭಾರ ವಹಿಸುವುದು.

“ಪ್ರಭಾರ ಬಂದೂಕು ಆಗೋಕೆ ಯಾರು ಸಿಗ್ತಾರೆ?” ಎಂದು ಗುಮಾಸ್ತ ಕೇಳುವ ಮೊದಲೇ ತಕ್ಕಡಿಯವನು ಕೈ ಎತ್ತಿದ್ದ.

ಮೈದಾನದ ನಡುವೆ ಪರೀಕ್ಷೆ ನಡೆಯಿತು. ತಕ್ಕಡಿಯವನು ಎದೆಯುಬ್ಬಿಸಿ ನಿಂತು “ಢಂ” ಎಂದ. ಮೂಲೆಯ ಬಾವುಟದ ಬಳಿ ನಿಂತ ಅಧಿಕಾರಿಗೆ ಕೇಳಿಸಲಿಲ್ಲ. ಎರಡನೆಯ ಸಲ ಕೆಮ್ಮು ಬಂತು. ಮೂರನೆಯ ಸಲ ಗೇಟಿನ ಹೊರಗೆ ಸೈಕಲ್ಲಿನಿಂದ ಒಬ್ಬ ಬಿದ್ದ. ಅಧಿಕಾರಿ ಒಂದು ಪೆನ್ನಿನಿಂದ ಬರೆದರು: “ಶಬ್ದ ತೃಪ್ತಿಕರ. ಹೊಗೆ ಬರಲಿಲ್ಲ, ವಯಸ್ಸನ್ನು ಪರಿಗಣಿಸಿ ಮನ್ನಾ ಮಾಡಲಾಗಿದೆ.” ಇನ್ನೊಂದರಿಂದ ಸಹಿ ಹಾಕಿದರು. ತಕ್ಕಡಿಯವನಿಗೆ ಕ್ರಮಸಂಖ್ಯೆ ಏಳು ಸಿಕ್ಕಿತು. ತನ್ನ ಮದುವೆಯ ದಿನ ಅವನು ಅಷ್ಟು ನಕ್ಕಿರಲಿಲ್ಲವೆಂದು ಆ ಮದುವೆಗೆ ಹೋಗಿದ್ದ ಗುಮಾಸ್ತ ಹೇಳುತ್ತಾನೆ.

ಆ ಶನಿವಾರ ಕ್ಲಬ್ಬು ನಾಲ್ಕು ಗೋಲಿನಿಂದ ಸೋತಿತು. ಆದರೆ ಒಂದು ಗೋಲು ಹೊಡೆಯಿತು. ತಕ್ಕಡಿಯವನ “ಢಂ” ಕೇಳಿ ಮೈದಾನವೇ ಎದ್ದು ನಿಂತಿತು.

ಸೋಮವಾರ ಇನ್‌ಸ್ಪೆಕ್ಟರು ಮನೆಗೆ ಬಂದರು. ಹುದ್ದೆ ಯಾರದೋ ಆ ಹುದ್ದೆಯ ನಿಯಮಗಳೂ ಅವರಿಗೇ ಅನ್ವಯ. ಬಳಕೆಯಲ್ಲಿ ಇಲ್ಲದ ಸಮಯದಲ್ಲಿ ಬೀಗದೊಳಗೆ ಇರತಕ್ಕದ್ದು. ಒಣ ಜಾಗದಲ್ಲಿ ಇರತಕ್ಕದ್ದು. ವಾರಕ್ಕೊಮ್ಮೆ ಎಣ್ಣೆ. ಊರ ಹೊರಗೆ ಕೊಂಡೊಯ್ಯಬೇಕಾದರೆ ಸಾಗಣೆ ಪರವಾನಗಿ. ಪರಊರಿನ ಮೈದಾನಗಳಿಗೆ ಆಯುಧ ಕೊಂಡೊಯ್ಯುವುದು ಪೂರ್ತಿ ನಿಷೇಧ. ಕೋಣೆ ಹೇಗೂ ತಯಾರಿತ್ತು. ಸರಳಿತ್ತು, ಎರಡು ಬೀಗವಿತ್ತು.

ತಕ್ಕಡಿಯವನು ಹೆಂಡತಿಯ ಮುಖ ನೋಡಿದ. ಅವಳು ಸೊಂಟದ ಕೀಲಿಕೈ ಮುಟ್ಟಿ ನೋಡಿಕೊಂಡಳು.

“ಕ್ಲಬ್ಬಿಗೋಸ್ಕರ ಅಲ್ವಾ,” ಅಂದಳು. ಅವನು ಹೌದೆಂದು ಒಳಗೆ ಹೋದ. ಕ್ಲಬ್ಬಿಗೋಸ್ಕರ ಅವನು ಇನ್ನೂ ಕಷ್ಟದ ಜಾಗಗಳಲ್ಲಿ ಕೂತಿದ್ದ, ಪರಊರಿನ ಸ್ಟ್ಯಾಂಡುಗಳಲ್ಲಿ.

ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಅಂಗಡಿಯವರು ತಕ್ಕಡಿಗಳನ್ನು ಸರಳಿನ ಸಂದಿಯಿಂದ ಒಳಗೆ ಕೊಟ್ಟು, ಮುಳ್ಳು ನೆಟ್ಟಗಾದ ಮೇಲೆ ಅಲ್ಲಿಂದಲೇ ಪಡೆದರು. ಹೆಂಡತಿ ಲಾಂಡ್ರಿಯಿಂದ ಬಂದು ಬೀಗ ತೆಗೆದು ಊಟ ಕೊಡುತ್ತಿದ್ದಳು. ಮೂವತ್ತು ವರ್ಷದಲ್ಲಿ ಮೊದಲ ಸಲ ಅವಳು ಹೇಳಿದ್ದನ್ನು ಅವನು ಎದ್ದು ಹೋಗದೆ ಪೂರ್ತಿ ಕೇಳಿಸಿಕೊಂಡ. ಲಾಂಡ್ರಿಯ ಯಜಮಾನಿಗೆ ಒಂದು ಕಿವಿ ಕೇಳಿಸದು ಎಂಬುದು ಅವನಿಗೆ ಈಗ ಗೊತ್ತಾಯಿತು. ಶುಕ್ರವಾರ ಅವನ ತಲೆಗೆ ಎಣ್ಣೆ ಹಚ್ಚಿ, ಇಲಾಖೆಯ ವಹಿಯಲ್ಲಿ “ಎಣ್ಣೆ ಹಾಕಲಾಗಿದೆ” ಎಂದು ಬರೆದು ಅವಳು ಸಹಿ ಮಾಡುತ್ತಿದ್ದಳು. ಕೊನೆಗೂ ಅವಳ ಹೆಸರು ಒಂದು ಪುಸ್ತಕದಲ್ಲಿ ಬಂದಿತ್ತು.

ಕ್ಲಬ್ಬು ಪರಊರಿಗೆ ಹೋದ ಮೊದಲ ಶನಿವಾರಕ್ಕೆ ಅವಳು ಹತ್ತು ದಿನ ಮುಂಚೆಯೇ ಅರ್ಜಿ ಹಾಕಿದಳು. ವಿಷಯ: ಪ್ರಭಾರ ಬಂದೂಕನ್ನು ಅಕ್ಕನ ಮನೆಗೆ ಸಾಗಿಸುವ ಬಗ್ಗೆ. ಪರವಾನಗಿ ಎರಡು ಷರತ್ತಿನ ಮೇಲೆ ಸಿಕ್ಕಿತು. ಆಯುಧವನ್ನು ಮಾಲೀಕರ ವಾಹನದಲ್ಲೇ ಸಾಗಿಸಬೇಕು. ದಾರಿಯಲ್ಲೂ ತಲುಪಿದ ಜಾಗದಲ್ಲೂ ಅದು ಖಾಲಿ ಇರಬೇಕು, ಅಂದರೆ ಯಾವ ಕಾರಣಕ್ಕೂ ಶಬ್ದ ಹೊರಡಿಸಬಾರದು.

ಹಾಗೆ ಒಂಬತ್ತು ವರ್ಷ ಸಿದ್ಧವಾಗಿ ನಿಂತಿದ್ದ ಬಸ್ಸು ಆ ಶನಿವಾರ ಬೆಳಿಗ್ಗೆ ಎಂಟಕ್ಕೆ ಹೊರಟಿತು. ಮೇಲೆ ತಕ್ಕಡಿಯವನೂ ಹೆಂಡತಿಯೂ ಅಕ್ಕಪಕ್ಕ ಕೂತಿದ್ದರು. ಪೇಟೆಬೀದಿಯಲ್ಲಿ ಜನ ಅಂಗಡಿಗಳಿಂದ ಹೊರಗೆ ಬಂದರು. ಆ ಬಸ್ಸು ಯಾತಕ್ಕೆ ಕೊಂಡದ್ದೆಂದು ಎಲ್ಲರಿಗೂ ಗೊತ್ತಿತ್ತು. ಅವರು ಚಪ್ಪಾಳೆ ತಟ್ಟಿದರು, ಕರವಸ್ತ್ರ ಬೀಸಿದರು. ತಕ್ಕಡಿಯವನ ಕಣ್ಣು ತುಂಬಿ ಬಂತು. ಗಂಟಲವರೆಗೂ ಬಂದ “ಢಂ” ಅನ್ನು ಅವನು ನುಂಗಿಕೊಂಡ, ಪರವಾನಗಿ ಹೆಂಡತಿಯ ಚೀಲದಲ್ಲಿತ್ತು.

“ಗೆದ್ದವರು ಯಾರು?” ಎಂದು ಕೆಳಗಿನಿಂದ ಯಾರೋ ಕೂಗಿ ಕೇಳಿದರು.

ಹೆಂಡತಿ ಎದ್ದು ನಿಂತು ಎರಡೂ ಕೈ ಎತ್ತಿ ಬೀಸಿದಳು.

ಹನ್ನೊಂದಕ್ಕೆ ಬಸ್ಸು ಅಕ್ಕನ ಮನೆ ತಲುಪಿತು. ಅಕ್ಕ ಕೋಲೂರಿಕೊಂಡು ಬಾಗಿಲಿಗೆ ಬಂದಳು. ತಂಗಿಯ ಗಂಡ ಬಸ್ಸಿನಿಂದ ಇಳಿದದ್ದನ್ನೂ ಕೈಮುಗಿದು ಸುಮ್ಮನೆ ನಿಂತದ್ದನ್ನೂ ಮೇಲಿಂದ ಕೆಳಗೆ ನೋಡಿದಳು. ಒಂಬತ್ತು ವರ್ಷದ ದೂರುಗಳು ಅವಳ ನಾಲಿಗೆಯ ತುದಿಯಲ್ಲಿದ್ದವು. ಆದರೆ ಪರವಾನಗಿಯ ನಕಲು ಅವಳಿಗೂ ಅಂಚೆಯಲ್ಲಿ ಬಂದಿತ್ತು.

“ಖಾಲಿ ಇದೆ ತಾನೇ?” ಎಂದು ತಂಗಿಯನ್ನು ಕೇಳಿದಳು.

“ಖಾಲಿ ಮಾಡ್ಕೊಂಡೇ ತಂದಿದೀನಿ ಅಕ್ಕ.”

“ಹಾಗಾದ್ರೆ ಒಳಗೆ ತಗೊಂಡು ಬಾ,” ಅಂದಳು ಅಕ್ಕ. “ನಾನೂ ಕೋಣೆ ತೆರವು ಮಾಡಿಸಿ, ಬೀಗ ತರಿಸಿ ಇಟ್ಟಿದೀನಿ.”