ರಾಣಿ ಅದಾಳೇನ್ರಿ?

ನಮ್ಮ ಮನೆಯ ಮುಂಬಾಗಿಲು ತೆರೆದಿದ್ದರೆ ಸಾಕು, ಯಾರಾದರೂ ಒಳಗೆ ಇಣುಕಿ "ರಾಣಿ ಅದಾಳೇನ್ರಿ?" ಎಂದು ಕೇಳುತ್ತಾರೆ. ಯಾರೂ ಕೇಳದ ದಿನ ನಮ್ಮತ್ತೆಗೆ ಏನೋ ಕಳೆದುಹೋದಂತಾಗಿ, ತಾವೇ ಹೊರಗೆ ಹೋಗಿ ಓಣಿಯ ಈ ತುದಿ ಆ ತುದಿ ನೋಡಿ ಬರುತ್ತಾರೆ.

ಮನೆ ಎಂದರೆ ಜಮಖಂಡಿಯಿಂದ ಮುಧೋಳದ ಕಡೆ ಹೋಗುವಾಗ ಒಳಗೆ ತಿರುಗಿದರೆ ಸಿಗುವ ಒಂದು ಹಳೆಯ ವಾಡೆ, ಕೋಟೆಯಂಥ ದೊಡ್ಡಮನೆ. ಬಾಗಿಲು ಆನೆ ನುಗ್ಗುವಷ್ಟು ದೊಡ್ಡದು. ನುಗ್ಗುವುದು ಮಾತ್ರ ಮಾವನ ಮೋಟಾರ್ ಸೈಕಲ್ಲು. ಹೋದ ವರ್ಷ ರಾಜರ ಕಾಲದ ಸೀರಿಯಲ್ ಮಾಡುವವರು ಬಂದು ನಮ್ಮ ವಾಡೆಯನ್ನೇ ಅರಮನೆ ಮಾಡಿಕೊಂಡು ಶೂಟಿಂಗ್ ಮುಗಿಸಿದರು. ಅವರು ಹೋದರು, ಅರಮನೆಯನ್ನೂ ಸೀರಿಯಲ್ಲಿನ ರಾಣಿಯನ್ನೂ ನೋಡುವವರು ಬರತೊಡಗಿದರು.

ಆಗ ನಾನು ಈ ಮನೆಗೆ ಹೊಸ ಸೊಸೆ. ನಾನೂ ನನ್ನ ಗಂಡನೂ ಹಿರಿಯರ ಒಪ್ಪಿಗೆಗೆ ಕಾಯದೆ ಮದುವೆಯಾದವರು. ಅತ್ತೆ, ಮಾವ ಸ್ವಲ್ಪ ದಿನ ಮುಖ ಊದಿಸಿಕೊಂಡಿದ್ದು ಆಮೇಲೆ ಒಳಗೆ ಕರೆದರು. ಸಾವಳಗಿಯಲ್ಲಿರುವ ನನ್ನ ತವರಿನವರು ಕರೆಯಲಿಲ್ಲ, ನನ್ನ ಫೋನನ್ನೂ ಎತ್ತಲಿಲ್ಲ. ಬಸುರಿಯಾದ ಮೇಲಂತೂ ನನಗೆ ಒಂದೇ ಚಿಂತೆ: ಕುಬಸ ಯಾರು ಮಾಡುತ್ತಾರೆ? ನಮ್ಮ ಕಡೆ ಬಸುರಿ ಮಗಳಿಗೆ ತವರಿನವರೇ ಹಸಿರು ಸೀರೆ, ಹಸಿರು ಬಳೆ, ಬುತ್ತಿ ಹೊತ್ತು ತಂದು ಉಡಿ ತುಂಬಬೇಕು. ಅತ್ತೆ ಈ ಮಾತು ಎತ್ತುತ್ತಿರಲಿಲ್ಲ. ಎತ್ತದಿದ್ದಷ್ಟೂ ನನಗೆ ಹೆಚ್ಚು ಹೆದರಿಕೆ.

ಅಂಥ ದಿನಗಳಲ್ಲಿ ನನ್ನನ್ನು ನಗಿಸಿ ಉಳಿಸಿಕೊಂಡವರು ಈ ಅರಮನೆ ನೋಡಲು ಬಂದವರೇ. ಅವರ ಹೆಸರೂ ನನಗೆ ಗೊತ್ತಿಲ್ಲ. ಋಣ ಮಾತ್ರ ದೊಡ್ಡದು.

ಜೇಡರ ಬಲೆ

ಶೂಟಿಂಗಿನವರು ಬರುತ್ತಾರೆ ಎಂದು ಗೊತ್ತಾದಾಗ ಅತ್ತೆ ದೀಪಾವಳಿಗಿಂತ ಜೋರಾಗಿ ಮನೆ ತೊಳೆಸಿದರು. ನಾನು ಏಣಿ ಹತ್ತಿ ತೊಲೆಗಳ ಸಂದಿಯ ಬಲೆ ತೆಗೆದೆ. ಅತ್ತೆ ಕೆಳಗೆ ನಿಂತು ಉಳಿದದ್ದನ್ನು ಬೆರಳು ಮಾಡಿ ತೋರಿಸಿದರು.

ಮಾರನೇ ದಿನ ಸೆಟ್ ಹಾಕುವವನು ಬಂದು ತಲೆ ಹಿಡಿದುಕೊಂಡ. "ಅಮ್ಮಾ, ಕಥೆ ಶುರುವಾಗೋದೇ ಹಾಳುಬಿದ್ದ ಅರಮನೆಯಿಂದ. ಇಷ್ಟು ಕ್ಲೀನಾಗಿದ್ರೆ ಹೇಗೆ?" ಎಂದ. ಆಮೇಲೆ ಅವನ ಹುಡುಗರು ಅದೇ ಏಣಿ ಹತ್ತಿ, ಅದೇ ಸಂದಿಗಳಿಗೆ ಹೊಸ ಬಲೆ ಅಂಟಿಸಿದರು, ಗೋಡೆಗೆ ಮಣ್ಣು ಎರಚಿದರು. ಅವರು ಹೋದ ಮೇಲೆ ನಾನು ಮತ್ತೆ ಏಣಿ ಹತ್ತಿ ಅದನ್ನೆಲ್ಲ ತೆಗೆದೆ.

ಮೊದಲ ಕಂತು ಬಂದ ದಿನ ಬೀಳಗಿಯಿಂದ ಅತ್ತೆಯ ತಂಗಿಯ ಫೋನು. "ಅಕ್ಕಾ, ಟೀವಿಯೊಳಗ ನಿಮ್ಮ ಮನಿ ನೋಡಿದ್ವಿ. ಯಾಕ ಹಂಗ ಹಾಳ ಬಿಟ್ಟೀಬೇ? ಸೊಸಿ ಬಂದಾಳಂತಲ್ಲ, ಕಸಾ ಹೊಡಿಯಂಗಿಲ್ಲೇನ?"

ಅಂದಿನಿಂದ ಯಾರೇ ಬರಲಿ, ಅತ್ತೆ ಮೊದಲು ತೋರಿಸುವುದು ತೊಲೆಗಳ ಸಂದಿ. ಮುಧೋಳದಿಂದ ಬಂದ ಮಾಸ್ತರರೊಬ್ಬರು "ರಾಣಿ ಮಲಗೂ ಖೋಲಿ ಯಾವದ್ರಿ?" ಎಂದು ಕೇಳಿದ್ದಷ್ಟೇ. ಅತ್ತೆ ಅವರನ್ನು ಏಣಿ ಹತ್ತಿಸಿದರು.

"ಕೈಯಾಡಿಸಿ ನೋಡ್ರಿ. ಬಲಿ ಐತೇನು?"

"ಇಲ್ಲರಿ."

"ಧೂಳಾ?"

"ಅದೂ ಇಲ್ಲರಿ."

"ನಮ್ಮ ಸೊಸಿ ತಗದಾಳ. ಊರಿಗೆ ಹೋಗಿ ನಾಕ ಮಂದಿಗೆ ಹೇಳ್ರಿ."

ಅತ್ತೆ ನನ್ನನ್ನು ಹೊಗಳಿದ್ದು ಅದೇ ಮೊದಲು. ನನಗೆ ಹೇಳಲಿಲ್ಲ, ಏಣಿಯ ಮೇಲಿದ್ದವರಿಗೆ ಹೇಳಿದರು. ಮಾಸ್ತರರು ಇಳಿದವರೇ ರಾಣಿಯ ಖೋಲಿಯ ಮಾತು ಎತ್ತದೆ ಹೋದರು. ಅಲ್ಲಿ ಇನ್ನೇನು ಹತ್ತಿಸುತ್ತಾರೋ ಎಂಬ ಭಯ ಇರಬೇಕು.

ಮಹಾರಾಜರ ಮಂಚ

ಸೀರಿಯಲ್ಲಿನ ಮಹಾರಾಜರು ತೀರಿಕೊಂಡದ್ದು ನಮ್ಮ ಪಡಸಾಲೆಯ ಮಂಚದ ಮೇಲೆ. ನಮ್ಮ ಮಾವ ಮಧ್ಯಾಹ್ನ ಮಲಗುವುದೂ ಅದರ ಮೇಲೆಯೇ, ನೊಣ ಕೂರದಂತೆ ಮುಖದವರೆಗೆ ಚಾದರ ಎಳೆದುಕೊಂಡು.

ಹಿಪ್ಪರಗಿಯಿಂದ ರೈತರೊಬ್ಬರು ಬಂದರು. ಚಪ್ಪಲಿ ಹೊರಗೆ ಬಿಟ್ಟು ಸದ್ದಿಲ್ಲದೆ ಒಳಗೆ ಬಂದವರು ಮಂಚ ನೋಡಿ, ಚಾದರ ನೋಡಿ, ಟೊಪ್ಪಿಗೆ ತೆಗೆದು ಕೈಮುಗಿದರು. ಆಗ ಮಾವ ಚಾದರ ಸರಿಸಿ ಎದ್ದು ಕೂತರು. ರೈತರು ಹೊಸ್ತಿಲಿನವರೆಗೆ ಹಿಂದೆ ಸರಿದರು.

ಉಸಿರು ಬಂದ ಮೇಲೆ ಕೇಳಿದರು: "ರಾಜರು ಹೋಗಿದ್ದು ಇದ ಮಂಚದ ಮ್ಯಾಲಲ್ರಿ? ಅವತ್ತ ನಮ್ಮನ್ಯಾಗ ಯಾರೂ ಸರೀ ಉಣ್ಣಲಿಲ್ಲರಿ."

ಮಾವನಿಗೆ ಕನಿಕರ ಬಂತು. "ಅಯ್ಯ, ಅದಕ್ಯಾಕ ಚಿಂತಿ ಮಾಡ್ತೀರಿ? ಸತ್ತಾವರು ಎದ್ದು ಕುಂತು ಎರಡ ಕಪ್ ಚಾ ಕುಡದು ಹೋದ್ರು. ನಮ್ಮಾಕಿ ಚಾ ಹಂಗ ಇರತೈತಿ, ಸತ್ತಾವರನೂ ಎಬ್ಬಸತೈತಿ."

ಅಡಿಗೆಮನೆಯಲ್ಲಿ ಇದನ್ನು ಕೇಳಿದ ಅತ್ತೆ ತಕ್ಷಣ ಚಾ ತಂದರು. ರೈತರು ಕಪ್ಪಿನ ಕೆಳಗಿನ ಬಸಿಗೆ ಸುರುವಿಕೊಂಡು ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ, ವಿಚಾರ ಮಾಡಿ ಹೇಳಿದರು:

"ಎಬ್ಬಿಸಿದ್ದು ಚಾ ಅಲ್ಲರಿ. ಸಕ್ರಿ. ನಮ್ಮ ಕಡೀ ಕಬ್ಬ ಇರಬೇಕು."

ಸೆರೆಮನೆ

ನಮ್ಮ ನೆಲಮಾಳಿಗೆಯಲ್ಲಿ ಉಳ್ಳಾಗಡ್ಡಿ ಮತ್ತು ಉಪ್ಪಿನಕಾಯಿ ಭರಣಿ ಇರುತ್ತವೆ. ಸೀರಿಯಲ್ಲಿನಲ್ಲಿ ಅದೇ ಸೆರೆಮನೆ.

ಬೀಳಗಿಯ ಗಂಡ ಹೆಂಡತಿ ಬಂದಿದ್ದರು. ಕೆಟ್ಟ ಬಿಸಿಲು. ದಾರಿಯುದ್ದಕ್ಕೂ ಜಗಳವಾಡಿಕೊಂಡೇ ಬಂದಿದ್ದರು ಎನ್ನುವುದು ಇಬ್ಬರ ಮುಖದ ಮೇಲೂ ಇತ್ತು. ಗಂಡ ಸೆರೆಮನೆ ನೋಡಲು ಕೆಳಗೆ ಇಳಿದ. ಹೆಂಡತಿ ಚೇಷ್ಟೆಗೆ ಬಾಗಿಲು ಎಳೆದು ಚಿಲಕ ಹಾಕಿದಳು. "ತಪ್ಪಾತು ಅಂತ ಅನ್ನೂತನಕ ತಗಿಯಂಗಿಲ್ಲ ನೋಡ್ರಿ!"

ಒಳಗಿನಿಂದ ಸದ್ದಿಲ್ಲ. ಅವಳು ಫೋನು ಹಚ್ಚಿದಳು, ಕೆಳಗೆ ರೇಂಜ್ ಇಲ್ಲ. ಗಾಬರಿಯಾಗಿ ಚಿಲಕ ತೆಗೆದಳು. ಗಂಡ ಉಳ್ಳಾಗಡ್ಡಿ ಚೀಲಕ್ಕೆ ಒರಗಿ ಕಾಲು ಚಾಚಿ ಕೂತಿದ್ದ.

"ತಪ್ಪಾತು ಅಂತ ಅನ್ನಂಗಿಲ್ಲೇನು?" ಎಂದಳು.

"ಅಂತೀನಿ, ಅಂತೀನಿ. ಸಂಜೀಕ ಅಂತೀನಿ. ಬಾಗಿಲಾ ಹಾಕು, ತಂಪ ಹೊರಗ ಹೋಗತೈತಿ."

ಬನಹಟ್ಟಿಯ ಕ್ರೂಸರ್

ನನಗೆ ಏಳನೇ ತಿಂಗಳು ನಡೆದಿತ್ತು. ಸೀರಿಯಲ್ಲಿನಲ್ಲಿ ರಾಣಿಯೂ ಬಸುರಿ. ಅವಳ ತವರನ್ನು ವೈರಿಗಳು ಸುಟ್ಟುಹಾಕಿದ್ದರು. ಒಂದು ಬೆಳಿಗ್ಗೆ ಬನಹಟ್ಟಿಯಿಂದ ಒಂದು ಕ್ರೂಸರ್ ಗಾಡಿ ತುಂಬ ಹೆಂಗಸರು ಬಂದಿಳಿದರು. ಎಲ್ಲರೂ ನೇಕಾರರ ಮನೆಯವರು. ಮುಂದೆ ಒಬ್ಬ ಅಜ್ಜಿ. ಎಲ್ಲರ ಕೈಯಲ್ಲೂ ಬುಟ್ಟಿ.

"ರಾಣಿ ಅದಾಳೇನ್ರಿ? ಕುಬಸಾ ಮಾಡಾಕ ಬಂದೀವಿ" ಎಂದರು ಅಜ್ಜಿ.

ಅತ್ತೆ ಬೆಪ್ಪಾದರು. "ಅದು ಸೀರಿಯಲ್ಲಲ್ಲರಿ ಅಜ್ಜಿ?"

"ನನಗೂ ಗೊತ್ತೈತಿ. ಆದ್ರ ತವರಿಲ್ಲದ ಬಸುರೀನ್ನ ದಿನಾ ಹೆಂಗ ನೋಡ್ಕೋಂತ ಕುಂಡ್ರೂದವಾ? ಉಂಡದ್ದು ಮೈಗೆ ಹತ್ತಂಗಿಲ್ಲ. ಶೂಟಿಂಗಿಗೆ ಬಂದಾಗ ಒಂದೀಟ ಉಡಿ ತುಂಬಿ ಹೋಗೂಣಂತ ಬಂದೀವಿ."

ಶೂಟಿಂಗ್ ಯಾವತ್ತೋ ಮುಗಿದಿತ್ತು. ಅದನ್ನು ಹೇಗೆ ಹೇಳುವುದೆಂದು ತಿಳಿಯದೆ ಅತ್ತೆ ಒಳಗೆ ಹೋಗಿ ಒಂದು ತಲೆದಿಂಬು ತಂದು ಅಜ್ಜಿಯ ಮುಂದೆ ಇಟ್ಟರು. "ರಾಣಿ ಹೊಟ್ಟಿ ಇದ ನೋಡ್ರಿ. ನಮ್ಮ ಮನೀದ ಇಸಕೊಂಡು ಕಟ್ಟಕೊಂಡಿದ್ಲು."

ಎಲ್ಲರೂ ದಿಂಬನ್ನೇ ನೋಡುತ್ತ ನಿಂತರು. ಒಬ್ಬಾಕೆ ಬಗ್ಗಿ ಒತ್ತಿಯೂ ನೋಡಿದಳು. ಅಜ್ಜಿ ನಿಟ್ಟುಸಿರು ಬಿಟ್ಟರು. "ದಿಂಬಿಗೆ ಉಡಿ ತುಂಬಾಕ ಬರಂಗಿಲ್ಲಲ್ಲವಾ. ಇಷ್ಟೆಲ್ಲಾ ಬುತ್ತಿ ತಂದೀವಿ, ಹೊಳ್ಳಿ ಹೆಂಗ ಒಯ್ಯೂದು?"

ನಾನು ನೀರಿನ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಅತ್ತೆ ನನ್ನ ಕಡೆ ನೋಡಿದರು. ಎಷ್ಟೋ ತಿಂಗಳು ಎತ್ತದಿದ್ದ ಮಾತನ್ನು ಅಪರಿಚಿತರ ಮುಂದೆ ಎತ್ತಿದರು. "ಅಜ್ಜಿ, ಇಕೀ ನಮ್ಮ ಸೊಸಿ. ಇಕೀ ಹೊಟ್ಟಿ ದಿಂಬಲ್ಲ. ಇಕೀಗೂ ತವರಿನಾವರು ಬರಂಗಿಲ್ಲರಿ."

ಅಜ್ಜಿ ಒಂದೇ ಮಾತು ಕೇಳಿದರು. "ಇಕೀ ತವರೂ ಸುಟ್ಟಾರೇನು?"

"ಇಲ್ಲರಿ, ಸಿಟ್ಟಿನಾಗ ಅದಾರ."

"ಹಂಗಾರ ಅದು ಆರೂತನಕ ನಾವ ತವರಿನಾವರು. ಮಣಿ ಹಾಕ್ರಿ."

ಮಣೆಯ ಮೇಲೆ ಕೂರಿಸಿ, ತಮ್ಮ ಮಗ್ಗದಲ್ಲೇ ನೇಯ್ದ ಹಸಿರು ಸೀರೆ ಉಡಿಸಿದರು. ಬಳೆ ಇಡುವಾಗ ನನ್ನ ಕಣ್ಣೀರು ನಿಲ್ಲಲಿಲ್ಲ. "ಆಮ್ಯಾಲ ಅಳೂವಂತಿ, ಮೊದಲ ಕೈ ಸಡ್ಲ ಬಿಡು, ಬಳಿ ಒಡದಾವು" ಎಂದು ಅಜ್ಜಿ ಗದರಿದರು. ನನ್ನವ್ವನೂ ಹೀಗೆಯೇ ಗದರುತ್ತಿದ್ದಳು. ನನಗೆ ಮತ್ತೂ ಅಳು ಬಂತು.

ತವರಿನವರಾದ ಕೂಡಲೇ ಅಜ್ಜಿ ನಮ್ಮತ್ತೆಯನ್ನು "ಬೀಗತೀ" ಎಂದು ಕರೆಯತೊಡಗಿದರು. ಸೀರಿಯಲ್ಲಿನಲ್ಲಿ ರಾಣಿಗೆ ಹಾಲಿನಲ್ಲಿ ವಿಷ ಹಾಕುವವಳು ಅವಳ ಅತ್ತೆ. ಅದಕ್ಕೆ ಅಜ್ಜಿ ನನ್ನ ಬಾಯಿಗೆ ತುತ್ತು ಹೋಗುವ ಮೊದಲು ಪ್ರತಿ ಸಲವೂ ತಡೆದರು. "ಬೀಗತೀ, ಮೊದಲ ನೀವ ತಿಂದು ತೋರಸ್ರಿ."

"ಅಜ್ಜಿ, ಮಾಡಿ ತಂದಾವರು ನೀವಲ್ಲ?"

"ಬಡಸಾವರು ನೀವು. ತಿನ್ರಿ."

ಅತ್ತೆ ಹೋಳಿಗೆ ತಿಂದರು. ಶೇಂಗಾ ಹೋಳಿಗೆ ತಿಂದರು, ಕರ್ಚಿಕಾಯಿ ತಿಂದರು, ಎಣ್ಣೆಗಾಯಿ ಹಚ್ಚಿಕೊಂಡು ಸಜ್ಜೆ ರೊಟ್ಟಿ ತಿಂದರು. "ಇದರಾಗ ಸಂಶೇ ಐತಿ" ಎಂದು ತಾವಾಗಿಯೇ ಇನ್ನೊಂದು ಹೋಳಿಗೆ ತೆಗೆದುಕೊಂಡರು. ನನ್ನ ತಾಟಿಗೆ ಬರುವಷ್ಟರಲ್ಲಿ ಬುಟ್ಟಿಗಳು ಹಗುರಾಗಿದ್ದವು.

ಎಲ್ಲ ಮುಗಿಯಿತೆಂದುಕೊಂಡರೆ ಅಜ್ಜಿ ಸೆರಗು ಬಿಗಿದು ಎದ್ದರು. "ಏಳವಾ, ಅರಿವಿ ಗಂಟು ಕಟ್ಟಕೋ. ಚೊಚ್ಚಲ ಹೆರಿಗಿ ತವರಾಗ ಆಗಬೇಕು. ಗಾಡ್ಯಾಗ ಜಾಗಾ ಮಾಡ್ತೀವಿ."

ನಾನು ನಕ್ಕೆ. ಅವರು ಯಾರೂ ನಗಲಿಲ್ಲ. ಇಬ್ಬರು ನನ್ನ ರಟ್ಟೆ ಹಿಡಿದು ಎಬ್ಬಿಸಿದರು. ಆಗ ಅತ್ತೆ ತಾಟು ಬಿಟ್ಟು ಓಡಿಬಂದು ಆ ಆನೆಬಾಗಿಲಿಗೆ ಎರಡೂ ಕೈ ಅಡ್ಡ ಹಿಡಿದು ನಿಂತರು.

"ನನ್ನ ಮಗಳನ್ನ ಎಲ್ಲೀಗೂ ಕಳಸಂಗಿಲ್ಲ! ಆಕೀನ್ನ ಒಯ್ಯೂದಾದ್ರ ನನ್ನೂ ಕರಕೊಂಡ ಹೋಗ್ರಿ!"

ಸೊಸೆ ಅನ್ನಲಿಲ್ಲ, ಮಗಳು ಅಂದರು. ನಾನು ರಟ್ಟೆ ಬಿಡಿಸಿಕೊಂಡು ಅತ್ತೆಯ ಪಕ್ಕ ಹೋಗಿ ನಿಂತೆ. ಅಜ್ಜಿ ಮಾತ್ರ ಅತ್ತೆಯನ್ನು ನೋಡಿದರು, ಖಾಲಿ ಬುಟ್ಟಿಗಳನ್ನು ನೋಡಿದರು, ಮತ್ತೆ ಅತ್ತೆಯನ್ನು ನೋಡಿದರು.

"ಬ್ಯಾಡ ಬೀಗತೀ," ಎಂದರು, "ಮಗಳು ಇಲ್ಲೇ ಇರ್ಲಿ. ನಿಮಗ ಮಾಡಿ ಹಾಕಿ ನಾವು ಪೂರೈಸಂಗಿಲ್ಲ."