ಜಾಗ ಬಿಡುವ ಭಾವ

ನಮ್ಮ ಭಾವನ ಪಕ್ಕದಲ್ಲಿ ಕೂರುವ ಭಾಗ್ಯ ಈ ಭೂಮಿಯ ಮೇಲೆ ಯಾರಿಗೂ ಇಲ್ಲ. ಬೇಕಾದರೆ ಒಂದು ಕುರ್ಚಿ ಬಿಟ್ಟು ಕೂರಿ. ನಡುವಿನದು ಖಾಲಿ ಇರಬೇಕು. ಅದರಲ್ಲಿ ಯಾರಿದ್ದಾರೆ ಎಂದು ಮಾತ್ರ ಕೇಳಬೇಡಿ. ಕೇಳಿದವರೆಲ್ಲ ಆಮೇಲೆ ಎರಡು ಕುರ್ಚಿ ಬಿಟ್ಟು ಕೂರತೊಡಗಿದ್ದಾರೆ!

ಹೋದ ವರ್ಷ ಜ್ವರದಲ್ಲಿ ನಮ್ಮಕ್ಕ ತೀರಿಕೊಂಡಳು. ಈ ಪದ್ಧತಿ ಶುರುವಾದದ್ದು ಆಮೇಲೆ. ಅಲ್ಲಿಯವರೆಗೆ ಭಾವ ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಲ್ಲಿ ಪ್ರೋಟೀನು ನೋಡಿಕೊಂಡು, ಸರ್ಜಾಪುರದ ಬಾಡಿಗೆ ಮನೆಯಲ್ಲಿ ಸೊಪ್ಪಿನ ಸಾರು ಉಂಡುಕೊಂಡು, ಹೆಂಡತಿ ಮಗಳೊಂದಿಗೆ ತಮ್ಮ ಪಾಡಿಗೆ ತಾವಿದ್ದ ಮನುಷ್ಯ. ಪ್ರೋಟೀನು ನೋಡುವುದು ಎಂದರೆ ಬೇಳೆಕಾಳು ಆರಿಸುವುದಲ್ಲ. ನಮ್ಮಮ್ಮ ಹಾಗೇ ತಿಳಿದು, ಅಳಿಯನಿಗೆ ದಿನಸಿ ವ್ಯಾಪಾರವೆಂದು ನೆಂಟರಿಗೆಲ್ಲ ಹೇಳಿಬಿಟ್ಟಿದ್ದರು.

ಒಂದು ಭಾನುವಾರ ಮಾರತ್ತಹಳ್ಳಿಯ ಹೋಟೆಲಿಗೆ ಹೋದೆವು. ಭಾವ, ಅಕ್ಕನ ಮಗಳು, ನಾನು. ಮಾಮೂಲಿನಂತೆ ಭಾವನ ಪಕ್ಕದ ಕುರ್ಚಿ ಖಾಲಿ. ಸಪ್ಲೈಯರ್ ಬಂದ.

"ಸಾರ್, ಇನ್ನೊಬ್ರು ಬರ್ತಾರಾ?"

"ಇಲ್ಲ, ಬರಲ್ಲ."

"ಹಂಗಾದ್ರೆ ಕುರ್ಚಿ ಆ ಟೇಬಲ್ಲಿಗೆ ಹಾಕ್ಲಾ?"

"ಬೇಡಪ್ಪ. ಅಲ್ಲೇ ಇರ್ಲಿ."

ಅವನು ಕುರ್ಚಿಯನ್ನೊಮ್ಮೆ, ಭಾವನನ್ನೊಮ್ಮೆ ನೋಡಿ ಒಳಗೆ ಹೋದ. ಬರುವಾಗ ನಾಲ್ಕು ಲೋಟ ನೀರು ತಂದು, ನಾಲ್ಕನೆಯದನ್ನು ಆ ಕುರ್ಚಿಯ ಮುಂದೆ ಭಯಭಕ್ತಿಯಿಂದ ಇಟ್ಟ. ನಾವು ತಿಂದು ಏಳುವ ಹೊತ್ತಿಗೆ ಆ ಲೋಟದ ನೀರು ಅರ್ಧಕ್ಕಿಳಿದಿತ್ತು. ಮಗು ಕುಡಿದಿರಬೇಕು ಎಂದುಕೊಂಡೆ. ಮಗು "ನಾನಲ್ಲ ಚಿಕ್ಕಿ" ಎಂದಳು.

ಮನೆ ಓನರ್ ಗೌಡರಿಗೂ ಇದರ ಬಿಸಿ ತಟ್ಟಿತು. "ನಿಮ್ ಭಾವ ಒಳ್ಳೇರೇ ಕಣಮ್ಮ. ಆದ್ರೆ ಜಗಲಿ ಮ್ಯಾಲೆ ಪಕ್ಕದಾಗೆ ಜಾಗ ಬಿಟ್ಕಂಡು ಕುಂತಿರ್ತಾರೆ. ಇಂಗಾದ್ರೆ ಎಂಗೆ? ನಾಳೆ ನನ್ ಮನೆಗೆ ಬಾಡಿಗೇರು ಬರಾಕಿಲ್ಲ" ಎಂದು, ಯಾರೋ ಮಂತ್ರಿಸಿಕೊಟ್ಟ ನಿಂಬೆಹಣ್ಣುಗಳನ್ನು ಹೊಸ್ತಿಲಲ್ಲಿ ಸಾಲಾಗಿ ಇಟ್ಟು ಹೋದರು. ಒಂದು ಹಣ್ಣನ್ನು ಇಲಿ ಒಯ್ದಿತು. ಭಾವ ಉಳಿದವನ್ನು ಮುಟ್ಟಲಿಲ್ಲ. ಹೋದ ಹಣ್ಣಿನ ಜಾಗದಲ್ಲಿ ಸೀಮೆಸುಣ್ಣದಿಂದ ಒಂದು ಚಿಕ್ಕ ಗೀಟು ಎಳೆದರು, ಅಷ್ಟೇ. ಬೆಳಗ್ಗೆ ಆ ಗೀಟು ಕಂಡ ಗೌಡರು ಮೆಟ್ಟಿಲಿನಿಂದಲೇ ವಾಪಸು ಹೋಗಿ, ಪೀಣ್ಯದಲ್ಲಿ ನನ್ನ ಜೊತೆಗಿರುವ ನಮ್ಮಮ್ಮನಿಗೆ ಫೋನ್ ಮಾಡಿದರು.

ಅಮ್ಮ ತೀರ್ಪು ಕೊಟ್ಟೇಬಿಟ್ಟರು. "ಆ ಮನೇಲಿ ಮಗು ಇನ್ನು ಒಂದು ದಿನವೂ ಇರೋದು ಬೇಡ. ಕರ್ಕೊಂಡು ಬಾ. ಇಲ್ಲೇ ಸ್ಕೂಲಿಗೆ ಸೇರಿಸೋಣ."

ಜಗಳವಾಗುತ್ತದೆಂದು ನಾನು ಸೆರಗು ಕಟ್ಟಿಕೊಂಡೇ ಹೋಗಿದ್ದೆ. ಭಾವ ಎದುರು ಮಾತಾಡಲಿಲ್ಲ. "ಅತ್ತೆ ಹೇಳಿದ್ರೆ ಸರಿ" ಎಂದು ಮಗಳ ಫ್ರಾಕುಗಳನ್ನು ತಾವೇ ಮಡಿಸಿ ಬ್ಯಾಗಿಗೆ ಹಾಕಿದರು. ಒಂದೊಂದು ಫ್ರಾಕನ್ನೂ ಬಿಚ್ಚಿ ಬಿಚ್ಚಿ ಮತ್ತೆ ಮಡಿಸುತ್ತಿದ್ದರು. ನನಗೆ ನೋಡಲಾಗಲಿಲ್ಲ.

ಕಾರು ಓಡಿಸುತ್ತಿದ್ದ ಭಾವನ ಪಕ್ಕದ ಸೀಟು ಖಾಲಿ, ಮಗು ಮತ್ತು ನಾನು ಹಿಂದೆ. ಸ್ವಲ್ಪ ದೂರ ಹೋಗುತ್ತಲೇ, ಖಾಲಿ ಸೀಟಿಗೆ ಬೆಲ್ಟ್ ಹಾಕಿಲ್ಲವೆಂದು ಕಾರು ಕುಯ್‌ಗುಡತೊಡಗಿತು. ಭಾವ ಕೈ ಚಾಚಿ, ಯಾರೂ ಇಲ್ಲದ ಸೀಟಿಗೆ ಬೆಲ್ಟ್ ಹಾಕಿದರು. ಕಾರು ಸುಮ್ಮನಾಯಿತು.

ತಡೆದುಕೊಳ್ಳಲಾಗಲಿಲ್ಲ. "ಏನ್ ಭಾವ ಇದು? ಹೋದೋಳು ಹೋದ್ಲು. ಇದ್ದೋರನ್ನ ಯಾಕೆ ಹಿಂಗೆ ಹೆದರಿಸ್ತೀರಿ?"

"ನಾನು ಹೆದರಿಸ್ತಿಲ್ಲಮ್ಮ, ನನ್ನ ಕೆಲಸ ಇದೇ" ಎಂದರು. "ಪ್ರೋಟೀನು ಅಂದ್ರೆ ಒಂದು ಮಣಿಸರ ಅಂತಿಟ್ಕೋ. ಮನುಷ್ಯಂದು, ಇಲೀದು, ಮೀನಿಂದು, ಎಲ್ಲಾ ಸರಾನೂ ಕಂಪ್ಯೂಟರಲ್ಲಿ ಒಂದರ ಕೆಳಗೊಂದು ಜೋಡಿಸಿ, ಎಲ್ಲಿ ಹೊಂದುತ್ತೆ ಅಂತ ನೋಡ್ತೀವಿ. ಯಾವ್ದೋ ಕಾಲದಲ್ಲಿ ಒಂದು ಸರದಿಂದ ಒಂದು ಮಣಿ ಬಿದ್ದುಹೋಗಿರುತ್ತೆ. ಆ ಜಾಗ ಮುಚ್ಚಿ ಉಳಿದಿದ್ದನ್ನ ಹತ್ರ ಎಳೆದ್ಬಿಟ್ರೆ, ಅಲ್ಲಿಂದಾಚೆ ಯಾವುದೂ ಹೊಂದಲ್ಲ. ಅದಕ್ಕೆ ಒಂದು ಗೀಟು ಹಾಕಿ ಜಾಗ ಬಿಡ್ತೀವಿ."

"ಬೇಕಾದಷ್ಟು ಬಿಟ್ಕೊಂಡು ಹೋಗ್ಬಹುದಾ?"

"ಇಲ್ಲ, ದಂಡ ಇದೆ. ಹೊಂದಿದ್ದಕ್ಕೆ ಅಂಕ ಕೊಡ್ತೀವಿ, ಬಿಟ್ಟ ಜಾಗಕ್ಕೆ ಕಳೀತೀವಿ. ಮೊದಲ ಸಲ ಜಾಗ ತೆರೆದಾಗ ದೊಡ್ಡ ದಂಡ. ಅದನ್ನೇ ಮುಂದುವರಿಸಿದ್ರೆ ಚಿಕ್ಕದು." ಸಿಗ್ನಲ್ ಬಿಟ್ಟಿತು. ಗೇರು ಹಾಕುತ್ತ ಮೆಲ್ಲಗೆ ಹೇಳಿದರು, "ಆದ್ರೆ ಸೊನ್ನೆ ಆಗಲ್ಲ."

ಪೀಣ್ಯ ಮುಟ್ಟಿದಾಗ ಊಟದ ಹೊತ್ತಾಗಿತ್ತು.

ಅಮ್ಮ ಬ್ಯಾಗನ್ನು ಬಾಗಿಲಲ್ಲೇ ಇಡಿಸಿಕೊಂಡು ಒಲೆಯ ಕಡೆ ತಿರುಗಿದರು. ಭಾವ ನೀರು ಕುಡಿಯಲು ಅಡುಗೆಮನೆಗೆ ಬಂದರು. ಮದುವೆಯಾದಾಗಿನಿಂದ ಆ ಅಡುಗೆಮನೆಗೆ ಅವರು ಕಾಲಿಟ್ಟದ್ದು ಅದೇ ಮೊದಲು. ಗೂಡಿನ ಮೇಲಿನ, ಹೆಸರು ಬರೆದ ಸ್ಟೀಲ್ ಡಬ್ಬಗಳನ್ನು ಕೊನೆಯಿಂದ ಕೊನೆಯವರೆಗೆ ನೋಡಿದರು. ಎಲ್ಲವೂ ಒಂದಕ್ಕೊಂದು ಅಂಟಿಕೊಂಡು ಕೂತಿದ್ದವು.

"ಅತ್ತೆ, ಇಲ್ಲೊಂದು ಡಬ್ಬ ಇತ್ತು."

ಅಮ್ಮನ ಕೈಯಲ್ಲಿದ್ದ ಸೌಟು ನಿಂತಿತು.

"ಸಾಸಿವೆ, ಜೀರಿಗೆ, ಆಮೇಲೆ ಮೆಂತ್ಯ. ನಮ್ಮನೇಲೂ ಹಿಂಗೇ ಜೋಡಿಸಿದ್ದಾಳೆ, ನಿಮ್ಮಿಂದ ಕಲಿತಿದ್ದು. ಆದ್ರೆ ಅಲ್ಲಿ ಜೀರಿಗೆ ಆದ್ಮೇಲೆ ಓಮ ಇದೆ. ನಿಮ್ಮಲ್ಲೂ ಇದ್ದಿರ್ಬೇಕು."

ಅಮ್ಮ ಬಿಳಚಿಕೊಂಡರು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಲ್ಲೇ ಕೂತರು. "ಬಂದಾಗೆಲ್ಲ ಮೊದಲು ಅದಕ್ಕೇ ಕೈ ಹಾಕ್ತಿದ್ಲು ಅಳಿಯಂದ್ರೇ. ಒಂದು ಚಿಟಿಕೆ ಬಾಯಿಗೆ ಹಾಕ್ಕೊಂಡು, ಒಂದು ಕಣ್ಣು ಮುಚ್ಚೋಳು. ನೋಡೋಕಾಗ್ಲಿಲ್ಲ. ಅಟ್ಟದ ಮೇಲೆ ಹಾಕ್ಬಿಟ್ಟೆ."

ಡಬ್ಬ ಅಟ್ಟ ಸೇರಿದ್ದು ಒಂದೇ ಮನೆಯಲ್ಲಿದ್ದ ನನಗೇ ಗೊತ್ತಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅಮ್ಮ ತಾವೇ ಸ್ಟೂಲು ಹತ್ತಿ ಆ ಡಬ್ಬ ಇಳಿಸಿದರು. ಮೆಂತ್ಯವನ್ನೂ ಅದರಾಚೆಯವನ್ನೂ ಸರಿಸಿ ಜಾಗ ಮಾಡಿ ಇಟ್ಟರು. ನಾಲ್ಕು ಕಾಳನ್ನು ಮೊಮ್ಮಗಳ ಅಂಗೈಗೆ ಹಾಕಿದರು. ಅವಳು ಅಗಿದಳು. ಖಾರಕ್ಕೆ ಮೂತಿ ಸೊಟ್ಟಗೆ ಮಾಡಿ, ಎಡಗಣ್ಣು ಮುಚ್ಚಿದಳು. ಅದೇ ಅಕ್ಕ. ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಭಾವ ಕಿಟಕಿಯ ಕಡೆ ತಿರುಗಿ ಕನ್ನಡಕ ಒರೆಸಿಕೊಂಡರು.

"ಬೇಗ ಉಂಡು ಹೊರಡಿ" ಎಂದರು ಅಮ್ಮ. "ನಾಳೆ ಮಗೂಗೆ ಸ್ಕೂಲಿದೆ. ಟ್ರಾಫಿಕ್ಕಲ್ಲಿ ಸಿಕ್ಕೊಂಡ್ರೆ ಕಷ್ಟ." ಬಾಗಿಲಲ್ಲಿದ್ದ ಬ್ಯಾಗನ್ನು ಯಾರೂ ಬಿಚ್ಚಲಿಲ್ಲ.

ಎಲ್ಲರೂ ಸಾಲಾಗಿ ನೆಲದ ಮೇಲೆ ಊಟಕ್ಕೆ ಕೂತರು. ನಾನು ತಟ್ಟೆ ಹಿಡಿದು ಬಂದು ಭಾವನ ಪಕ್ಕ ಖಾಲಿಯಿದ್ದ ಕಡೆ ಕೂರಲು ಹೋದೆ. ಅಮ್ಮ ನನ್ನ ಸೆರಗು ಹಿಡಿದು ಜಗ್ಗಿದರು.

"ಅಲ್ಲಿ ಬೇಡ ಕಣೇ. ಸ್ವಲ್ಪ ಈಚೆ ಕೂತ್ಕೋ."