ಚಕ್ರ ನೆಲಕ್ಕೆ ತಾಗತಕ್ಕದ್ದಲ್ಲ

ವಿಮಾನ ಹಾರಿಸುವವರಿಗೆ ಲೈಸೆನ್ಸ್ ಕೊಡುವ ಅಧಿಕಾರವನ್ನು ಹೆಗ್ಗನಹಳ್ಳಿಯ ಸ್ಕೂಟರ್ ಪರವಾನಗಿ ಉಪಕಚೇರಿಗೆ ಹೆಚ್ಚುವರಿಯಾಗಿ ವಹಿಸಿದ್ದು ಸಾರ್ವಜನಿಕ ಹಿತದೃಷ್ಟಿಯಿಂದಲೇ. ರಸ್ತೆಗೂ ಆಕಾಶಕ್ಕೂ ಇರುವ ವ್ಯತ್ಯಾಸ ಬರೀ ಎತ್ತರದ್ದು, ಎತ್ತರಕ್ಕೆಂದು ಪ್ರತ್ಯೇಕ ಸಿಬ್ಬಂದಿ ನೇಮಿಸಲು ಅವಕಾಶವಿರುವುದಿಲ್ಲ ಎಂದು ಆದೇಶದಲ್ಲಿ ಸ್ಪಷ್ಟವಾಗಿತ್ತು. ಕಚೇರಿಯವರೂ ತಡಮಾಡಲಿಲ್ಲ. ಹಳೆಯ ನಿಯಮಾವಳಿ ತೆಗೆದು 'ಸ್ಕೂಟರ್' ಎಂದಿದ್ದ ಕಡೆಯೆಲ್ಲ 'ವಿಮಾನ' ಎಂದೂ, 'ಸವಾರನ ಕಾಲು' ಎಂದಿದ್ದ ಕಡೆಯೆಲ್ಲ 'ವಿಮಾನದ ಚಕ್ರ' ಎಂದೂ ತಿದ್ದಿ, ಒಂದೇ ಮಧ್ಯಾಹ್ನದಲ್ಲಿ ಕೆಲಸ ಮುಗಿಸಿ ಟೀ ಕುಡಿದರು.

ಬಾಪೂಜಿ ನಗರದ ಕವನಾಳಿಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು? ನಾಯಂಡಹಳ್ಳಿಯಲ್ಲಿ ಲಾರಿ ಗ್ಯಾರೇಜ್ ಇಟ್ಟಿರುವ ಚಿಕ್ಕಣ್ಣನ ಒಬ್ಬಳೇ ಮಗಳು. ಊರಾಚೆಯ ತರಬೇತಿ ಮೈದಾನದಲ್ಲಿ ಇನ್ನೂರು ಗಂಟೆ ಹಾರಿದ್ದಳು. ಒಂದು ವಿಮಾನ ಕಂಪನಿ ಅವಳನ್ನು ಆರಿಸಿಯೂ ಆಗಿತ್ತು. ಆದರೆ ಶುಕ್ರವಾರ ಸಂಜೆ ಐದರೊಳಗೆ ಲೈಸೆನ್ಸ್ ತಂದು ತೋರಿಸಬೇಕು, ಇಲ್ಲವಾದರೆ ಆ ಕೆಲಸ ಪಟ್ಟಿಯಲ್ಲಿರುವ ಮುಂದಿನವರಿಗೆ.

ಮೊದಲು ಥಿಯರಿ ಪರೀಕ್ಷೆ. ಹುಡುಗಿ ಜೀವ ತೇದು ಓದಿದಳು. ಅಡುಗೆಮನೆ ಗೋಡೆಗೂ ಮೋಡಗಳ ಚಿತ್ರ ಅಂಟಿಸಿದ್ದಳು. ಅವಳ ತಾಯಿ ಪಾಪಮ್ಮ ಮುದ್ದೆ ತಿರುವುತ್ತಲೇ, "ಇದು ಸುಮ್ನೆ ತೇಲೋ ಮೋಡ, ಆ ಮೂಲೇದು ಗುಡುಗೋದು, ಅದರ ಹತ್ರ ಹೋಗ್ಬೇಡ ಕಣೇ" ಅನ್ನುವಷ್ಟು ಪಳಗಿದ್ದರು. ಪರೀಕ್ಷೆಯಲ್ಲಿ, 'ಎದುರಿಗೆ ಮೋಡ ಬಂದಾಗ ಚಾಲಕರು ಏನು ಮಾಡತಕ್ಕದ್ದು?' ಎಂಬ ಪ್ರಶ್ನೆಗೆ ಕವನಾ ಎರಡು ಪುಟ ಉತ್ತರ ಬರೆದಳು. ಸೊನ್ನೆ ಬಂತು.

ಕಚೇರಿಯ ಮುಂದೆ ಹೊಂಗೆ ಮರದಡಿ ಕೊಡೆ, ಸ್ಟೂಲು, ಸ್ಟಾಂಪ್ ಪ್ಯಾಡು ಇಟ್ಟುಕೊಂಡು ಕೂರುವ ಏಜೆಂಟ್ ಕಾಂತರಾಜು ಅವಳ ಉತ್ತರಪತ್ರಿಕೆ ತಿರುವಿ ಹಾಕಿ ಲೊಚಗುಟ್ಟಿದ.

"ಬುದ್ಧಿ ಉಪಯೋಗಿಸ್ಬಿಟ್ಟಿದೀಯಲ್ಲ ತಾಯಿ! ಸರಿ ಉತ್ತರ ಏನ್ ಗೊತ್ತಾ? ಹಾರ್ನ್ ಮಾಡಿ ಎಡಗಡೆಗೆ ಸರಿಯೋದು."

"ಅಣ್ಣ, ಮೋಡಕ್ಕೆ ಹಾರ್ನ್ ಮಾಡಿದ್ರೆ ಏನಾಗುತ್ತೆ?"

"ಮಾರ್ಕ್ಸ್ ಬರುತ್ತೆ."

ಮಾರನೇ ದಿನ ಮರುಪರೀಕ್ಷೆ. ಕಾಂತರಾಜು ಕೊಟ್ಟ ನಾಲ್ಕು ಹಾಳೆ ಉರುಹೊಡೆದು ಬರೆದಳು, ನೂರಕ್ಕೆ ತೊಂಬತ್ತೆಂಟು. ಉತ್ತರಗಳ ಕೆಳಗೆ ಗೆರೆ ಎಳೆಯದಿದ್ದುದಕ್ಕೆ ಎರಡು ಅಂಕ ಕಡಿತವಾಗಿತ್ತು, ಅದು ನ್ಯಾಯವೇ.

ಬುಧವಾರ ಹಾರಾಟದ ಪರೀಕ್ಷೆ. ಪರೀಕ್ಷಕರು ಇನ್ಸ್‌ಪೆಕ್ಟರ್ ಯೋಗಾನಂದ. ಇಪ್ಪತ್ತಾರು ವರ್ಷ ಸ್ಕೂಟರುಗಳು ಎಂಟು ಹೊಡೆಯುವುದನ್ನು ನೋಡಿದ ಕಣ್ಣು ಅವರದು. ಒಂದು ಕಪ್ ಕಾಫಿ ಸಹ ಯಾರ ಕೈಯಿಂದಲೂ ಮುಟ್ಟದ ಮನುಷ್ಯ, ನಿಯಮಕ್ಕೆ ಮಾತ್ರ ಬಾಗುವವರು. ತರಬೇತಿ ಮೈದಾನದ ಅಂಚಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತರು. ಕವನಾ ಎರಡು ಸೀಟಿನ ವಿಮಾನವನ್ನು ಮೇಲಕ್ಕೆ ಎತ್ತಿ, ಆಕಾಶದ ತುಂಬ ಎರಡು ಎಂಟು ಬರೆದು, ತೊಟ್ಟಿಲಿಗೆ ಮಗು ಮಲಗಿಸಿದಷ್ಟು ಮೆತ್ತಗೆ ಇಳಿಸಿದಳು. ಅವಳಿಗೇ ಖುಷಿಯಾಗಿ ಓಡೋಡಿ ಬಂದಳು. ಯೋಗಾನಂದರು 'ಅನುತ್ತೀರ್ಣ' ಎಂದು ಬರೆದು ಪೆನ್ನಿನ ಕ್ಯಾಪ್ ಹಾಕುತ್ತಿದ್ದರು.

"ಯಾಕೆ ಸಾರ್? ಎಂಟು ಸರಿಯಾಗಿ ಬರಲಿಲ್ವಾ?"

"ಎಂಟು ಬಹಳ ಚೆನ್ನಾಗಿತ್ತಮ್ಮ. ಆದ್ರೆ ಚಕ್ರ ನೆಲಕ್ಕೆ ತಾಗ್ತು."

"ಇಳಿಸ್ದೆ ಸಾರ್! ಇಳಿಸಿದ್ರೆ ತಾಗಲ್ವಾ?"

"ಇಳಿಸು ಅಂತ ಯಾರು ಹೇಳಿದ್ರು? ನಿಯಮ ಹದಿನಾಲ್ಕು, ಪರೀಕ್ಷೆಯ ಅವಧಿಯಲ್ಲಿ ವಿಮಾನದ ಚಕ್ರ ನೆಲಕ್ಕೆ ತಾಗತಕ್ಕದ್ದಲ್ಲ."

"ಹಾಗಾದ್ರೆ ಇದುವರೆಗೂ ಯಾರೂ ಪಾಸೇ ಆಗಿಲ್ವಾ ಸಾರ್?"

"ಒಬ್ಬ ಆಗಿದಾನೆ, ರೇವಣಸಿದ್ದಪ್ಪ ಅಂತ. ಹೊಸೂರು ದಾಟಿ ಇಳಿಸ್ದ. ನಮ್ಮ ವ್ಯಾಪ್ತಿ ಅತ್ತಿಬೆಲೆ ಟೋಲ್ ತನಕ ಅಷ್ಟೇ ನೋಡಿ. ಆಮೇಲೆ ಸುತ್ತೋಲೆ ಬಂತು, ಈಗ ಎದ್ದ ಕಡೆಗೇ ವಾಪಸ್ ಬರಬೇಕು."

ಚೆನ್ನಾಗಿ ಇಳಿಸಿದೆ ಎಂದು ಒಂದು ಮಾತು ಸಹ ಆಡಲಿಲ್ಲವಲ್ಲ ಈ ಮಹರಾಯ! ಕವನಾಳಿಗೆ ಫೇಲಾದದ್ದಕ್ಕಿಂತ ಅದೇ ಹೊಟ್ಟೆ ಉರಿಸಿತು. ಮನೆಗೆ ಬಂದು ಮುಸುಕು ಹಾಕಿಕೊಂಡು ಅತ್ತಳು. ಗುರುವಾರ ಬೆಳಗ್ಗೆ ಮುಖ ತೊಳೆದುಕೊಂಡು ಅಪ್ಪನನ್ನೂ ಕರೆದುಕೊಂಡು ಹೊಂಗೆ ಮರದ ಬುಡಕ್ಕೆ ಹೋದಳು.

ಕಾಂತರಾಜು ನಿಯಮಾವಳಿಯನ್ನು ಹಿಂದೆ ಮುಂದೆ ಓದಿದ. "ಚಿಕ್ಕಣ್ಣೋರೇ, ಚಕ್ರ ನೆಲಕ್ಕೆ ತಾಗಬಾರದು ಅಂತಿದೆ, ಸರಿ. ವಿಮಾನ ಹಾರಬೇಕು ಅಂತ ಇದರಲ್ಲಿ ಎಲ್ಲೂ ಇಲ್ಲವಲ್ಲ?"

ಚಿಕ್ಕಣ್ಣನ ಮುಖ ಅರಳಿತು. ಮೂವತ್ತು ವರ್ಷದಿಂದ ಲಾರಿ ಎತ್ತಿದ ಮನುಷ್ಯ. "ಜಾಕ್ ಹಾಕ್ಲಾ?" ಅಂದ.

ಶುಕ್ರವಾರ ಬೆಳಗ್ಗೆ ಹತ್ತಕ್ಕೆ ಮೈದಾನದ ವಿಮಾನ ಲಾರಿಯ ಬೆನ್ನೇರಿ ನಾಯಂಡಹಳ್ಳಿ ಗ್ಯಾರೇಜಿಗೆ ಬಂದು ಮೂರು ಜಾಕುಗಳ ಮೇಲೆ ನಿಂತಿತು. ಕವನಾ ಒಳಗೆ ಕೂತಳು, ಇಂಜಿನ್ ಆಫ್. ಯೋಗಾನಂದರು ಮರುಪರೀಕ್ಷೆಗೆಂದು ಹನ್ನೊಂದೂವರೆಗೆ ಬಂದು, ಚಕ್ರದಡಿ ದಾರ ಹಾಯಿಸಿ ನೋಡತೊಡಗಿದರು. ಮೊದಲನೇ ಚಕ್ರದಲ್ಲೇ ದಾರ ಸಿಕ್ಕಿಕೊಂಡಿತು. ಹೊಸ ಗಾಡಿಗೆ ದೃಷ್ಟಿಯಾಗಬಾರದೆಂದು ಪಾಪಮ್ಮ ಯಾರಿಗೂ ಹೇಳದೆ ಮೂರೂ ಚಕ್ರದಡಿ ನಿಂಬೆಹಣ್ಣು ಇಟ್ಟಿದ್ದರು, ಅದೂ ಆರಿಸಿ ತಂದ ದಪ್ಪ ಹಣ್ಣು.

"ಚಕ್ರ ಹಣ್ಣಿಗೆ ತಾಗಿದೆ, ಹಣ್ಣು ನೆಲಕ್ಕೆ ತಾಗಿದೆ" ಎಂದು ಯೋಗಾನಂದರು ಗಂಭೀರವಾದರು. "ಹಾಗಾದ್ರೆ ಚಕ್ರ ನೆಲಕ್ಕೆ ತಾಗಿದೆಯೇ?"

ಕವನಾ ಮೇಲಿನಿಂದ ಅಮ್ಮನನ್ನು ನುಂಗುವ ಹಾಗೆ ನೋಡಿದಳು.

ಕಾಂತರಾಜು ಕೆಮ್ಮಿದ. "ಸಾರ್, ನೆಲ ಕಂದಾಯ ಇಲಾಖೇದು. ನಿಂಬೆಹಣ್ಣು ತೋಟಗಾರಿಕೆ ಇಲಾಖೇದು. ಒಂದಕ್ಕೊಂದು ಸಂಬಂಧವೇ ಇಲ್ಲ."

ಯೋಗಾನಂದರ ಹಣೆಯ ಗೆರೆಗಳು ಒಂದೊಂದಾಗಿ ಬಿಚ್ಚಿಕೊಂಡವು. "ಹಣ್ಣಿನ ಮೂಲಕ ತಾಗುವುದು ತಾಗುವುದಲ್ಲ" ಎಂದು ಷರಾ ಬರೆದು, ರುಜು ಹಾಕಿ, ಸೀಲು ಒತ್ತಿದರು. ನಾಲ್ಕೂ ಮುಕ್ಕಾಲಿಗೆ ಕವನಾ ಕಂಪನಿಯಲ್ಲಿ ಲೈಸೆನ್ಸ್ ತೋರಿಸಿದಳು. ಬಾಪೂಜಿ ನಗರದಲ್ಲಿ ಫ್ಲೆಕ್ಸ್ ಎದ್ದಿತು.

ಲೈಸೆನ್ಸಿನ ಹಿಂಬದಿಯ ಸಣ್ಣ ಅಕ್ಷರಗಳನ್ನು ಮನೆಯವರು ಆಮೇಲೆ ಓದಿದರು. ನಿಯಮ ಹದಿನಾಲ್ಕು ಹೊಸ ಚಾಲಕರಿಗೆ ಮೊದಲ ಆರು ತಿಂಗಳು ಅನ್ವಯಿಸತಕ್ಕದ್ದು. ಕವನಾಳ ಮೊದಲ ವಿಮಾನ ಹುಬ್ಬಳ್ಳಿಗೆ ಹೋಗಿಬರುವಂಥದ್ದು. ಹುಬ್ಬಳ್ಳಿ ಅತ್ತಿಬೆಲೆ ಟೋಲಿನ ಈಚೆಗೂ ಇಲ್ಲ, ಆಚೆಗೂ ಇಲ್ಲ, ಆದ್ದರಿಂದ ಕಚೇರಿಯ ವ್ಯಾಪ್ತಿಗೇ ಬರುವುದಿಲ್ಲ, ಅಲ್ಲಿ ಇಳಿಯಲು ತೊಂದರೆಯಿರಲಿಲ್ಲ. ವಾಪಸ್ ಬಂದು ಇಳಿಯುವುದಕ್ಕೆ ಯೋಗಾನಂದರ ಷರಾದಂತೆ ರನ್‌ವೇ ಉದ್ದಕ್ಕೂ ನಿಂಬೆಹಣ್ಣು ಹರಡಲು ಟೆಂಡರ್ ಕರೆಯಲಾಯಿತು. ಟೆಂಡರ್ ಯಾರಿಗಾಯಿತು ಎಂದು ಕೇಳಬೇಡಿ, ಹೊಂಗೆ ಮರದಡಿ ಆ ವಾರ ಸ್ಟೂಲು ಖಾಲಿಯಿತ್ತು.

ಹುಬ್ಬಳ್ಳಿಯಿಂದ ವಾಪಸ್ ಬರುವಾಗ ಎಪ್ಪತ್ತೆರಡು ಜನ ಪ್ರಯಾಣಿಕರು. ಕೆಳಗೆ ಅರಿಸಿನ ಬಳಿದ ಹಾಗೆ ರನ್‌ವೇ ಕಂಡಿತು. ಈ ಸಲವಾದರೂ ಆ ಇನ್ಸ್‌ಪೆಕ್ಟರ್ ಬಾಯಿಂದ 'ಚೆನ್ನಾಗಿ ಇಳಿಸಿದೆ' ಅನ್ನಿಸಿಯೇ ತೀರುತ್ತೇನೆ ಎಂದು ಕವನಾ ಹಲ್ಲು ಕಚ್ಚಿ ವಿಮಾನವನ್ನು ಇಳಿಸಿದಳು. ಅಬ್ಬಾ, ಏನು ಇಳಿಸಿದಳು ಅಂತೀರಿ! ನಿದ್ದೆಯಲ್ಲಿದ್ದವರು ಮಗ್ಗುಲು ಸಹ ಬದಲಿಸಲಿಲ್ಲ. ಅವಳ ಕಣ್ಣಲ್ಲಿ ನೀರು ಬಂತು.

ಯೋಗಾನಂದರು ರನ್‌ವೇ ಮೇಲೆ ಕುಕ್ಕರುಗಾಲಲ್ಲಿ ಕೂತು, ಒಂದೊಂದೇ ಹಣ್ಣು ಎತ್ತಿ ನೋಡಿ, ಸಂಜೆಯ ಹೊತ್ತಿಗೆ ವರದಿ ಬರೆದರು. 'ಸದರಿ ಸ್ಥಳದಲ್ಲಿ ಒಂದು ಹಣ್ಣೂ ಒಡೆದಿರುವುದು ಕಂಡುಬಂದಿರುವುದಿಲ್ಲ. ಆದ್ದರಿಂದ ವಿಮಾನವು ಇಳಿದಿರುವುದಕ್ಕೆ ಸಾಕ್ಷ್ಯವಿರುವುದಿಲ್ಲ. ಸದರಿ ವಿಮಾನವು ಆಕಾಶದಲ್ಲಿಯೇ ಇದೆ ಎಂದು ಪರಿಗಣಿಸತಕ್ಕದ್ದು.'

ಯಾರೂ ತಕರಾರು ಮಾಡಲಿಲ್ಲ. ಪ್ರಯಾಣಿಕರಲ್ಲಿ ಸರ್ಕಾರಿ ನೌಕರರಿದ್ದವರು ಪ್ರಯಾಣ ಭತ್ಯೆ ಮುಂದುವರಿಯುತ್ತದೆಂದು ಸಂತೋಷಪಟ್ಟರು. ಮದುವೆಗೆ ಹೊರಟಿದ್ದ ಒಬ್ಬರು ಉಡುಗೊರೆಯ ಖರ್ಚು ತಪ್ಪಿತೆಂದು ಸೀದಾ ಮನೆಗೆ ಹೋದರು. ಇಂಧನವಿಲ್ಲದೆ ಇಷ್ಟು ದೀರ್ಘಕಾಲ ಹಾರುತ್ತಿರುವುದು ತಮ್ಮ ವಿಮಾನವೊಂದೇ ಎಂದು ಕಂಪನಿ ಜಾಹೀರಾತು ಕೊಟ್ಟಿತು. ಆಕಾಶದಲ್ಲಿರುವ ಪೈಲಟ್ ಬೇರೆ ವಿಮಾನ ಹತ್ತುವಂತಿಲ್ಲವಾದ್ದರಿಂದ ಕವನಾಳಿಗೆ ಬೇರೆ ಕೆಲಸ ಕೊಡಲಿಲ್ಲ, ಹಾರಾಟದ ಗಂಟೆಗಳನ್ನು ಮಾತ್ರ ದಿನಕ್ಕೆ ಇಪ್ಪತ್ತನಾಲ್ಕರಂತೆ ಬರೆಯುತ್ತ ಹೋದರು.

ವರದಿ ಬಂದ ದಿನವೇ ರಾತ್ರಿ ಅವಳು ಬಾಪೂಜಿ ನಗರದ ಮನೆ ಬಾಗಿಲಲ್ಲಿ ಬೂಟು ಬಿಚ್ಚುತ್ತಿದ್ದಾಗ ಚಿಕ್ಕಣ್ಣ ಒಳಗಿಂದಲೇ ಕೇಳಿದ, "ಬಂದ್ಯಾ ಮಗಳೇ?"

"ಇಲ್ಲಪ್ಪ, ಇನ್ನೂ ಮೇಲೇ ಇದೀನಿ."

"ಸರಿ ಬಿಡು. ಕೈಕಾಲು ತೊಳ್ಕೊಂಡು ಬಾ, ಮುದ್ದೆ ಆರೋಗುತ್ತೆ."